ಭಾವನವರ ಮೂಲ ಇಂಜಿನ್ನು

ನನ್ನ ಅಕ್ಕನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹಾಗೆಂದು ಅವರು ಹೇಳದೆ ಬಿಟ್ಟವರೂ ಅಲ್ಲ. ಹಾಡಲು ಬಾರದವರು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಹಾಡುತ್ತಾರೆ. ನಮ್ಮ ಭಾವ ಮಾತ್ರ ತಮಗೆ ಬಾರದ ಈ ವಿದ್ಯೆಯನ್ನು ನಾಲ್ಕು ಜನರ ನಡುವೆ ನಿಂತು, ಎದೆಯುಬ್ಬಿಸಿ, ಮೈಕು ಸಿಕ್ಕರೆ ಮೈಕಿನಲ್ಲೇ ಪ್ರದರ್ಶಿಸುತ್ತಾರೆ. ಅವರಿಗೆ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೆಲಸ. ನಲ್ಲಿಯಲ್ಲಿ ನೀರಿಲ್ಲ ಎಂದು ಬಂದವರಿಗೆ ನೀರು ಇದೆ ಎಂದು ನಂಬಿಸಿ ಕಳಿಸುವುದೇ ಆ ವಿಭಾಗದ ಸೇವೆ. ಅಲ್ಲಿ ಕೂತು ಕೂತು ಯಾವುದನ್ನೂ ಒಪ್ಪಿಕೊಳ್ಳದಿರುವುದು ಭಾವನವರಿಗೆ ಮೊದಲು ಅಭ್ಯಾಸವಾಯಿತು, ಆಮೇಲೆ ಸ್ವಭಾವವಾಯಿತು, ಕೊನೆಗೆ ಸಿದ್ಧಾಂತವೇ ಆಗಿಹೋಯಿತು. ಮಳೆಯಲ್ಲಿ ನೆನೆದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತಾಗಲೂ "ಮಳೇನಾ? ಎಲ್ಲಿ?" ಎಂದು ಕೇಳುವ ಮನುಷ್ಯ ಅವರು.

ಇಂಥವರ ಕೈಗೆ ನಮ್ಮ ಅಪ್ಪನ ಕಾರು ಸಿಕ್ಕಿತು.

ಸರಿಯಾಗಿ ಹೇಳಬೇಕೆಂದರೆ ಸಿಕ್ಕಿದ್ದು ಅಕ್ಕನಿಗೆ. ದುಂಡು ದೀಪ, ದಪ್ಪ ಹೊಟ್ಟೆ, ಪಕ್ಕದಲ್ಲಿ ಮೆಟ್ಟಿಲಿನಂಥ ಹಲಗೆ ಇದ್ದ ಆ ಕಾರನ್ನು ಅಪ್ಪ ಅಕ್ಕನ ಹೆಸರಿಗೆ ಬರೆದರು. ಮನೆಯಲ್ಲಿ ಅದನ್ನು ತೊಳೆಯುತ್ತಿದ್ದವಳು ಅವಳೊಬ್ಬಳೇ. ನಾನು ಅದರಲ್ಲಿ ಕೂರುತ್ತಿದ್ದೆ, ಅಷ್ಟೆ. ಅಕ್ಕನ ಮದುವೆಯಾಗಿ ಭಾವ ಸ್ಟೀರಿಂಗ್ ಹಿಡಿದ ಕೆಲವೇ ವರ್ಷಗಳಲ್ಲಿ ಅದರ ಇಂಜಿನ್ನು ಪ್ರಾಣ ಬಿಟ್ಟಿತು. ಆಯಿಲ್ ಮುಗಿದಿದೆ ಎಂಬುದನ್ನು ಭಾವ ಕೊನೆಯವರೆಗೂ ಒಪ್ಪಿಕೊಂಡಿರಲಿಲ್ಲ.

ಆಗ ಕರೆಸಿದ್ದು ಆಗ್ಲಿ ಮೇಸ್ತ್ರಿಯನ್ನು. ಬೀದಿಯ ತುದಿಯ ಗ್ಯಾರೇಜಿನ ಈ ಮಹಾನುಭಾವ ಯಾರು ಏನು ಹೇಳಿದರೂ "ಆಗ್ಲಿ ಸಾರ್" ಎನ್ನುತ್ತಾನಾದ್ದರಿಂದ ಅವನಿಗೆ ಆ ಹೆಸರು. ಬ್ರೇಕು ಬಿಗಿ ಮಾಡು ಎಂದರೂ ಆಗ್ಲಿ, ಸಡಿಲ ಮಾಡು ಎಂದರೂ ಆಗ್ಲಿ. ಅವನು ಎಲ್ಲೋ ಮರಕ್ಕೆ ಗುದ್ದಿ ಮೂಲೆ ಸೇರಿದ್ದ ಬ್ರೆಡ್ ಸಾಗಿಸುವ ವ್ಯಾನಿನ ಇಂಜಿನ್ನನ್ನು ಬಿಚ್ಚಿ ತಂದು ಅಪ್ಪನ ಕಾರಿನ ಹೊಟ್ಟೆಗೆ ಕೂರಿಸಿದ. ಇಂಜಿನ್ನು ಒಳ್ಳೆಯದೇ, ಕಾರಿಗಿಂತ ಒಂದು ತಲೆಮಾರು ಚಿಕ್ಕದು. ಅದರ ಜೊತೆಗೆ ಬಂದಿದ್ದ ಡಬ್ಬಿ, ಕೊಳವೆ, ತಂತಿಗಳ ಸಂಸಾರವನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮೂಲೆಗೆಸೆದು, ಪೆಟ್ರೋಲಿಗೆ ಗಾಳಿ ಬೆರೆಸುವ ಹಳೆಯ ಕಾರ್ಬುರೇಟರನ್ನೇ ಹೇಗೋ ಸಿಕ್ಕಿಸಿದ. ಇಂಜಿನ್ ಬದಲಾಗಿದ್ದನ್ನು ಸಾರಿಗೆ ಕಚೇರಿಯಲ್ಲಿ ಬರೆಸಲೇಬೇಕು ಎಂದು ಅಕ್ಕ ಪಟ್ಟು ಹಿಡಿದಳು. ಅದಕ್ಕೂ ಅವನು ಆಗ್ಲಿ ಅಂದ, ಬರೆಸಿಯೂ ಬಂದ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಏಕೆಂದರೆ ಊರಿನಲ್ಲಿ ಹಳೆ ಕಾರುಗಳ ಸಂಘ ಎಂಬುದೊಂದಿತ್ತು. ಕಾರು ಓಡಿಸುವುದಕ್ಕಿಂತ ಒರೆಸುವುದರಲ್ಲಿ ಸುಖ ಕಂಡವರ ಕೂಟ ಅದು. ಅಧ್ಯಕ್ಷರು ನಿವೃತ್ತ ಹಲ್ಲಿನ ಡಾಕ್ಟರು. ಪ್ರಾಕ್ಟೀಸ್ ಬಿಟ್ಟರೂ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಜೇಬಿನಿಂದ ಬಿಟ್ಟಿರಲಿಲ್ಲ. ಯಾರ ಕಾರು ಬಂದರೂ ಬಾನೆಟ್ ಎತ್ತಿಸಿ, ಕನ್ನಡಿಯ ಕಡ್ಡಿಯನ್ನು ಸಂದಿಯಲ್ಲಿ ತೂರಿಸಿ, ಹುಳುಕು ಹುಡುಕುತ್ತಿದ್ದರು. ಬೇರೆ ಕಾರಿನ ಒಂದು ಬೋಲ್ಟು ಕಂಡರೂ ಸದಸ್ಯತ್ವ ಇಲ್ಲ. "ಕಟ್ಟಿಸಿಕೊಂಡ ಹಲ್ಲು ಬೇರೆ, ಹುಟ್ಟಿದ ಹಲ್ಲು ಬೇರೆ ಕಣ್ರೀ" ಎನ್ನುವುದು ಅವರ ಧ್ಯೇಯವಾಕ್ಯ.

ಈ ಸಂಘಕ್ಕೆ ಸೇರದಿದ್ದರೆ ಭಾವನವರಿಗೆ ಏನೂ ನಷ್ಟವಿರಲಿಲ್ಲ. ಆದರೆ ಅವರ ಕಚೇರಿಯ ಮೇಲಧಿಕಾರಿ ಅದರ ಸದಸ್ಯ. ಅದಕ್ಕಾಗಿ ಭಾವ ಸೇರಿದರು. ಆಗ್ಲಿ ಮೇಸ್ತ್ರಿ ವ್ಯಾನಿನ ಇಂಜಿನ್ನಿಗೆ ಬೂದು ಬಣ್ಣ ಬಳಿದು, ಸತ್ತ ಇಂಜಿನ್ನಿನ ನಂಬರ್ ತಗಡನ್ನು ಕಿತ್ತು ಅದಕ್ಕೆ ಹೊಡೆದು, ಒಂದಿಷ್ಟು ಹಳೆಯ ಗ್ರೀಸನ್ನು ಎಲ್ಲೆಲ್ಲಿ ವಯಸ್ಸಾದಂತೆ ಕಾಣಬೇಕೋ ಅಲ್ಲಲ್ಲಿ ಮೆತ್ತಿದ. ಡಾಕ್ಟರು ಕನ್ನಡಿ ತೂರಿಸಿ ಬಹಳ ಹೊತ್ತು ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಇಂಥಾ ಆರೋಗ್ಯ ನಾನು ನೋಡೇ ಇರ್ಲಿಲ್ಲ" ಅಂದರು. ಆ ದಿನದಿಂದ ಭಾವ ಬೀದಿಯಲ್ಲಿ ನಡೆಯುವ ಶೈಲಿಯೇ ಬದಲಾಯಿತು. ಹಾಲು ತರಲು ಹೋದರೂ ಮೂಲ ಇಂಜಿನ್ನಿನ ಮಾಲೀಕರಂತೆ ಹೋಗುತ್ತಿದ್ದರು.

ಇಷ್ಟರಲ್ಲಿ ಸಾರಿಗೆ ಇಲಾಖೆಗೆ ಇದ್ದಕ್ಕಿದ್ದಂತೆ ಊರಿನ ಗಾಳಿಯ ಮೇಲೆ ಮಮತೆ ಹುಟ್ಟಿತು. ಹಳೆಯ ಕಾರು ಹಳೆಯ ಇಂಜಿನ್ನಿನಲ್ಲೇ ಓಡುತ್ತಿದ್ದರೆ ಅದರ ಪಾಡಿಗೆ ಓಡಲಿ. ಇಂಜಿನ್ ಬದಲಾಯಿಸಿದ್ದರೆ ಮಾತ್ರ, ಆ ಇಂಜಿನ್ನು ಹುಟ್ಟಿದ ವರ್ಷದ ಕಾನೂನೇ ಕಾರಿಗೂ ಕಾನೂನು. ಕಾರ್ಖಾನೆಯಿಂದ ಹೊರಬಿದ್ದಾಗ ಆ ಇಂಜಿನ್ನಿಗೆ ಹೊಗೆ ತಡೆಯುವ ಸಾಮಾನು ಏನೇನಿತ್ತೋ ಅಷ್ಟನ್ನೂ ಮತ್ತೆ ಜೋಡಿಸಿ ತಪಾಸಣೆ ಮಾಡಿಸಬೇಕು. ತಪ್ಪಿದರೆ ಗಾಡಿ ಗುಜರಿ ಅಂಗಳಕ್ಕೆ ಹೋಗಿ ಹಪ್ಪಳವಾಗಬೇಕು.

ಅದೇ ಸಮಯಕ್ಕೆ ಅಕ್ಕನಿಗೆ ಬಡ್ತಿ ಬಂತು. ಇಷ್ಟು ವರ್ಷ ಮನೆ ಹತ್ತಿರದ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳನ್ನು ಹೊಳೆಯಾಚೆಯ ಶಾಲೆಗೆ ಹೆಡ್‌ಮಿಸ್ಟ್ರೆಸ್ ಮಾಡಿದರು. ಅಲ್ಲಿಗೆ ಬಸ್ಸಿಲ್ಲ. ಹಿಂದಿದ್ದವರು ಆ ಹುದ್ದೆ ಬಿಟ್ಟಿದ್ದೇ ಆ ಕಾರಣಕ್ಕೆ. ಅಕ್ಕ ಸದ್ದಿಲ್ಲದೆ ಡ್ರೈವಿಂಗ್ ಕಲಿತು, ಲೈಸೆನ್ಸ್ ತೆಗೆದುಕೊಂಡು, ಸೋಮವಾರ ಬೆಳಿಗ್ಗೆ ಮೊದಲ ಗಂಟೆಯ ಹೊತ್ತಿಗೆ ಅಲ್ಲಿರುತ್ತೇನೆ ಎಂದು ಮಾತು ಕೊಟ್ಟು ಬಂದಳು. ತಪ್ಪಿದರೆ ಆ ಕುರ್ಚಿ ಬೇರೆಯವರ ಪಾಲು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ, ನನಗೂ ಹೊಟ್ಟೆ ತುಂಬಿದಂತಾಗಿತ್ತು.

"ರೀ, ಆ ಗೋಣಿಚೀಲದ ಸಾಮಾನೆಲ್ಲ ವಾಪಸ್ ಹಾಕಿಸಿಬಿಡಿ. ಶನಿವಾರ ತಪಾಸಣೆ. ನನಗೆ ಗಾಡಿ ಬೇಕೇ ಬೇಕು" ಅಂದಳು ಅಕ್ಕ.

"ಹಾಕಿಸಿದ್ರೆ ಸಂಘದೋರಿಗೆ ಗೊತ್ತಾಗಲ್ವೇನೇ? ಬಾನೆಟ್ ಎತ್ತಿದ ತಕ್ಷಣ ಡಾಕ್ಟರು ಕನ್ನಡಿ ತೂರಿಸ್ತಾರೆ."

"ಗೊತ್ತಾಗ್ಲಿ. ಏನೀಗ?"

"ಏನೀಗ ಅಂದ್ರೆ? ನನ್ನ ಮಾನ?"

"ಮೊದಲು ನಾನು ಸೋಮವಾರ ಸ್ಕೂಲಿಗೆ ಹೋಗಿ ಬರ್ತೀನಿ. ಆಮೇಲೆ ಇಬ್ರೂ ಕೂತ್ಕೊಂಡು ನಿಮ್ಮ ಮಾನ ಹುಡುಕೋಣ."

ಬುದ್ಧಿ ಇದ್ದವರಿಗೆ ಇಷ್ಟು ಸಾಕು. ಭಾವ ಸಂಘದ ಸಭೆಗೆ ಹೋದರು. ಹೊಸ ನಿಯಮದ ಮೇಲೆ ಎಲ್ಲರೂ ಕೆಂಡ ಕಾರುತ್ತಿದ್ದರು. ಅವರ್ಯಾರ ಕಾರಿಗೂ ಅದು ಅನ್ವಯಿಸುತ್ತಿರಲಿಲ್ಲವಾದ್ದರಿಂದ ಕೆಂಡ ಕಾರಲು ಯಾವ ತೊಂದರೆಯೂ ಇರಲಿಲ್ಲ. ಇದ್ದ ಒಬ್ಬರೇ ಒಬ್ಬ ಬಾಧಿತರಾದ ನಮ್ಮ ಭಾವ ಸುಮ್ಮನೆ ಕೂತು ಚಹಾ ಕುಡಿದು ಬರಬಹುದಿತ್ತು. ಅವರು ಎದ್ದು ನಿಂತು ಮೈಕು ಹಿಡಿದರು. "ನಮ್ಮ ಮಾವನವರ ಕಾರಿಗೆ ಆ ತಗಡಿನ ಡಬ್ಬಿ ಕಟ್ಟೋದಕ್ಕಿಂತ, ಅದನ್ನ ನನ್ನ ಕಣ್ಣೆದುರೇ ಜಜ್ಜಿ ಹಾಕಲಿ" ಎಂದು ಘೋಷಿಸಿದರು. ಮೇಲಧಿಕಾರಿ ಮೊದಲು ಚಪ್ಪಾಳೆ ತಟ್ಟಿದರು. ಡಾಕ್ಟರು ಬಂದು ತಬ್ಬಿಕೊಂಡರು.

ಮರುದಿನ ಬೆಳಿಗ್ಗೆಯೇ ಭಾವ ಆಗ್ಲಿ ಮೇಸ್ತ್ರಿಯ ಎದುರು ನಿಂತಿದ್ದರು. ನಾನೂ ಜೊತೆಯಲ್ಲಿದ್ದೆ. ಅಕ್ಕ ನನ್ನನ್ನು ಕಾವಲಿಗೆ ಕಳಿಸಿದ್ದಳು.

"ನೋಡಪ್ಪಾ ಮೇಸ್ತ್ರಿ, ಆ ಸಾಮಾನೆಲ್ಲ ಹಾಕ್ಬೇಕು."

"ಆಗ್ಲಿ ಸಾರ್."

"ಆದ್ರೆ ಒಂದೂ ಕಾಣಬಾರದು."

"ಆಗ್ಲಿ ಸಾರ್."

ನಾನು ಸುಮ್ಮನಿರಲಾರದೆ ಬಾಯಿ ಹಾಕಿದೆ. "ಭಾವ, ತಪಾಸಣೆಯವರು ಆ ಸಾಮಾನನ್ನ ಕಣ್ಣಲ್ಲಿ ನೋಡಿಯೇ ಸರ್ಟಿಫಿಕೇಟ್ ಕೊಡೋದು. ಬಚ್ಚಿಟ್ಟರೆ ಅವರು ನೋಡೋದು ಹೇಗೆ?"

ಭಾವ ನನ್ನನ್ನು ಮರುಕದಿಂದ ನೋಡಿದರು. "ಅಧಿಕಾರಿ ಕಿವೀಲಿ ಮೆಲ್ಲಗೆ ಹೇಳ್ತೀನಯ್ಯಾ. ಅವರು ಮೆಲ್ಲಗೆ ನೋಡ್ಕೊಂಡು ಮೆಲ್ಲಗೆ ಸೀಲ್ ಹೊಡೀತಾರೆ. ಕಚೇರಿ ವ್ಯವಹಾರ ನಿನಗೇನು ಗೊತ್ತು?"

ಕಳ್ಳಮಾಲು ಬಚ್ಚಿಡುವವರನ್ನು ಲೋಕ ಕಂಡಿದೆ. ಕಾನೂನು ಇಡು ಎಂದ ಮಾಲನ್ನೇ, ದುಡ್ಡು ಕೊಟ್ಟು ಹಾಕಿಸಿ, ಕಾನೂನಿನ ಕಣ್ಣಿಗೇ ಬೀಳದಂತೆ ಬಚ್ಚಿಟ್ಟ ಮೊದಲ ಪ್ರಜೆ ನಮ್ಮ ಭಾವ. ಕೆಲಸ ಮನೆಯ ಶೆಡ್ಡಿನಲ್ಲೇ ನಡೆಯಿತು, ಕಿಟಕಿಗೆ ಬೆಡ್‌ಶೀಟ್ ಕಟ್ಟಿಕೊಂಡು. ಹೊಗೆಯ ವಿಷವನ್ನು ಸುಟ್ಟು ಶುದ್ಧ ಮಾಡುವ ಕನ್ವರ್ಟರ್ ಎಂಬ ಉಕ್ಕಿನ ಉಂಡೆಯನ್ನು ಹಳೆಯ ಸೈಲೆನ್ಸರಿನ ಹೊಟ್ಟೆ ಸೀಳಿ ಒಳಗಿಟ್ಟು ಮತ್ತೆ ವೆಲ್ಡ್ ಮಾಡಿದರು. ಇಂಜಿನ್ನನ್ನು ಆಳುವ ಕಂಪ್ಯೂಟರ್ ಪೆಟ್ಟಿಗೆ ಹಳೆಯ ರೇಡಿಯೋದ ಕರುಳು ತೆಗೆದ ಜಾಗಕ್ಕೆ ಹೋಯಿತು. ಪೆಟ್ರೋಲ್ ಆವಿ ಹೀರಿಕೊಳ್ಳುವ ಇದ್ದಿಲಿನ ಡಬ್ಬಿಗೆ ಎಲ್ಲೂ ಜಾಗ ಸಿಗದೆ, ಅಡುಗೆಮನೆಯ ಹಿಟ್ಟಿನ ಡಬ್ಬಿಯೊಳಗೆ ಅದನ್ನು ಕೂರಿಸಿ, ಡಬ್ಬಿಗೆ ಕಪ್ಪು ಬಣ್ಣ ಬಳಿದು, ಮೇಲೆ 'ಉಪಕರಣ' ಎಂದು ಬರೆದರು. ತಪಾಸಣೆಯವರು ತಮ್ಮ ಯಂತ್ರದ ವೈರು ಚುಚ್ಚಬೇಕಾದ ಕಿಂಡಿ ಬೂದಿ ಬಟ್ಟಲಿನ ಅಡಿಗೆ ಸೇರಿತು. ಎಲ್ಲದರ ಮೇಲೆ, ಈಗ ಯಾವ ಕೆಲಸವೂ ಇಲ್ಲದ ಕಾರ್ಬುರೇಟರನ್ನು ಇಂಜಿನ್ನಿನ ತಲೆಗೆ ಟೋಪಿಯಂತೆ ಇಟ್ಟರು. ಭಾವ ಮೂರು ಸುತ್ತು ಹಾಕಿ, "ಈಗ ನನಗೇ ಕಾಣಿಸ್ತಿಲ್ಲ" ಎಂದು ತೃಪ್ತಿಪಟ್ಟುಕೊಂಡರು.

ಅವರಿಗೆ ಕಾಣದಿದ್ದುದು ಎದುರುಮನೆಯ ಪೋಸ್ಟಮ್ಮನಿಗೆ ಕಂಡಿತ್ತು. ಅವರು ಅಂಚೆ ಕಚೇರಿಯಿಂದ ನಿವೃತ್ತರಾದವರು. ಜೀವನವಿಡೀ ಬೇರೆಯವರ ಲಕೋಟೆಗಳನ್ನು ಒಡೆಯದೆ ಮುಟ್ಟಿದ ಸಂಕಟವನ್ನು ಈಗ ಬೀದಿಯ ಕಿಟಕಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದರು. ಹಗಲು ಹೊತ್ತಿನಲ್ಲಿ ಬೆಡ್‌ಶೀಟ್ ಕಟ್ಟಿಕೊಂಡು ಇಬ್ಬರು ಗಂಡಸರು ಕಾರಿನೊಳಗೆ ಡಬ್ಬಿಗಳನ್ನು ತುರುಕುತ್ತಿದ್ದಾರೆ ಎಂಬ ಸುದ್ದಿ ಸಂಜೆಯೊಳಗೆ ಬೀದಿಯ ಎರಡೂ ತುದಿ ಮುಟ್ಟಿತು. ಡಬ್ಬಿಯಲ್ಲಿ ಏನಿದೆ ಎಂಬುದರ ಬಗ್ಗೆ ಮಾತ್ರ ಒಮ್ಮತ ಇರಲಿಲ್ಲ. ಚಿನ್ನ ಎಂದವರುಂಟು. ಭಾವನವರನ್ನು ಹತ್ತಿರದಿಂದ ಬಲ್ಲವರು ಅಷ್ಟು ದೂರ ಹೋಗದೆ, ಕಚೇರಿಯ ನಲ್ಲಿಗಳಿರಬೇಕು ಎಂದರು.

ಶನಿವಾರ ಬಂತು. ಭಾವ ಬೇಕೆಂದೇ ಮೊದಲ ಸರದಿ ಹಿಡಿದಿದ್ದರು, ಜನ ಇರುವುದಿಲ್ಲವೆಂದು. ಅವರೇ ಸ್ಟೀರಿಂಗ್ ಹಿಡಿದರು. ಅಕ್ಕ ಲೈಸೆನ್ಸ್ ಇದ್ದ ಕೈಚೀಲವನ್ನು ಎದೆಗವಚಿಕೊಂಡು ಹಿಂದೆ ಕೂತಳು. ನಾನು, ಆಗ್ಲಿ ಮೇಸ್ತ್ರಿ ಅವಳ ಅಕ್ಕಪಕ್ಕ. ಪೋಸ್ಟಮ್ಮ ತಾವೂ ಅದೇ ಕಡೆ ಹೋಗಬೇಕೆಂದು ಮುಂದಿನ ಸೀಟಿನಲ್ಲಿ ಬಂದು ಕೂತೇಬಿಟ್ಟರು. ಅಲ್ಲಿ ಅವರಿಗೇನು ಕೆಲಸ ಎಂದು ಕೇಳುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ.

ತಪಾಸಣೆ ಅಂಗಳದ ಗೇಟಿನಲ್ಲಿ ಭಾವ ಬ್ರೇಕು ತುಳಿದ ರಭಸಕ್ಕೆ ಹಿಂದೆ ಕೂತ ಮೂವರ ತಲೆ ಮುಂದಿನ ಸೀಟಿಗೆ ಬಡಿಯಿತು. ಹಳೆ ಕಾರುಗಳ ಸಂಘ ಅಲ್ಲಿ ಸಾಲಾಗಿ ನಿಂತಿತ್ತು. ಡಾಕ್ಟರ ಕೈಯಲ್ಲಿ 'ಮೂಲ ಇಂಜಿನ್ ಮುಟ್ಟಬೇಡಿ' ಎಂದು ಬರೆದ ಬಟ್ಟೆಯ ಒಂದು ತುದಿ, ಮೇಲಧಿಕಾರಿಯ ಕೈಯಲ್ಲಿ ಇನ್ನೊಂದು ತುದಿ. ಭಾವನವರ ಭಾಷಣದಿಂದ ಕರಗಿ, ಅವರನ್ನು ಒಂಟಿಯಾಗಿ ಸಾಯಲು ಬಿಡಬಾರದೆಂದು ಬಂದಿದ್ದರು.

"ಹೆದರಬೇಡಿ, ನಾವಿದ್ದೀವಿ" ಅಂದರು ಡಾಕ್ಟರು.

ಭಾವನವರ ಮುಖ ಹರಳೆಣ್ಣೆ ಕುಡಿದಂತಾಯಿತು.

ತಪಾಸಣೆ ಅಧಿಕಾರಿ ಹೊರಗೆ ಬಂದರು. ದಿನವಿಡೀ ಇಂಜಿನ್ ಸದ್ದಿನ ನಡುವೆ ಇದ್ದವರಾದ್ದರಿಂದ ಅವರ ಪಿಸುಮಾತು ಕೂಡ ಪಕ್ಕದ ಬೀದಿಗೆ ಕೇಳುವಂಥದ್ದು. ಭಾವ ಓಡಿಹೋಗಿ ಅವರ ಕಿವಿಯಲ್ಲಿ ಏನೋ ಉಸುರಿದರು.

"ಏನ್ರೀ, ಬ್ರೆಡ್ ವ್ಯಾನಿನ ಇಂಜಿನ್ನಾ?" ಅಂದರು ಅಧಿಕಾರಿ.

ಬಟ್ಟೆಯ ಎರಡೂ ತುದಿ ಜೋಲು ಬಿದ್ದವು. ಡಾಕ್ಟರು ಭಾವನವರತ್ತ ತಿರುಗಿದರು. ಇದೇ ಸರಿಯಾದ ಗಳಿಗೆ. ಹೌದು ಎಂಬ ಎರಡಕ್ಷರ ಸಾಕಿತ್ತು. ಭಾವ ದೂರು ವಿಭಾಗದ ಕುರ್ಚಿಯಲ್ಲಿ ಕೂತವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡು, "ಛೆ ಛೆ, ಅದು ನಿಮ್ಮ ಕಚೇರಿ ತಪ್ಪು. ಯಾರೋ ಏನೋ ಬರ್ಕೊಂಡಿದ್ದಾರೆ. ಇದು ಮೂಲ ಇಂಜಿನ್ನೇ" ಅಂದರು.

ಬಟ್ಟೆಯ ತುದಿಗಳು ಮತ್ತೆ ಮೇಲೆದ್ದವು.

ಅಧಿಕಾರಿ ಬಾನೆಟ್ ಎತ್ತಿಸಿದರು, ಕಾರಿನ ಅಡಿ ಮಲಗಿದರು, ಎದ್ದರು. ಒಂದು ಸಾಮಾನೂ ಕಾಣಲಿಲ್ಲ. ಅವರ ಹಿಂದೆಯೇ ಡಾಕ್ಟರು ಕನ್ನಡಿ ತೂರಿಸಿ, "ನೋಡಿ, ಎಷ್ಟು ಶುಭ್ರ" ಎನ್ನುತ್ತಿದ್ದರು. ಆಮೇಲೆ ಸೈಲೆನ್ಸರಿಗೆ ಕೊಳವೆ ಸಿಕ್ಕಿಸಿ ಹೊಗೆ ಅಳೆಯುವ ಯಂತ್ರ ಹಚ್ಚಿದರು. ಮುಳ್ಳು ಅಲ್ಲಾಡಲಿಲ್ಲ. ಅಧಿಕಾರಿ ಯಂತ್ರವನ್ನು ತಟ್ಟಿದರು. ಅಲ್ಲಾಡಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ಇಲಾಖೆಯ ಸ್ವಂತ ಜೀಪನ್ನು ತರಿಸಿ ಅದರ ಸೈಲೆನ್ಸರಿಗೆ ಸಿಕ್ಕಿಸಿದರು. ಮುಳ್ಳು ಆ ತುದಿಗೆ ಹೋಗಿ ಬಡಿದು, ಯಂತ್ರ ಕಿರುಚತೊಡಗಿತು. ಜೀಪಿನ ಡ್ರೈವರ್ ನಾಚಿಕೆಯಿಂದ ಇಳಿದು ಎಲ್ಲೋ ಹೋದ. ಮತ್ತೆ ಅಪ್ಪನ ಕಾರಿಗೆ ಸಿಕ್ಕಿಸಿದರೆ ಮುಳ್ಳು ಮೊದಲಿದ್ದಲ್ಲೇ ಬಂದು ಮಲಗಿತು.

"ಈ ಅಂಗಳದ ಗಾಳಿಗಿಂತ ಇದರ ಹೊಗೆ ಚೆನ್ನಾಗಿದೆ. ಹೇಗ್ರೀ?" ಅಂದರು ಅಧಿಕಾರಿ.

ಆಗ್ಲಿ ಮೇಸ್ತ್ರಿ ಹೆಮ್ಮೆ ತಡೆಯಲಾರದೆ ಬಾಯಿ ತೆರೆದ. ಭಾವ ಅವನ ಕಾಲು ತುಳಿದರು. "ಹಳೇ ಕಾಲದ ಕೆಲಸ ಸಾರ್. ಆಗಿನೋರು ಇಂಜಿನ್ನನ್ನ ಹಾಗೇ ಮಾಡ್ತಿದ್ರು."

ಡಾಕ್ಟರಿಗೆ ರೋಮಾಂಚನವಾಯಿತು. ಹೊಗೆ ಬಿಡದ ಹಳೆಯ ಇಂಜಿನ್ನು ಜಗತ್ತಿನಲ್ಲಿ ಇದೊಂದೇ ಎಂದರು. ಇದನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಂಘದ ಕಟ್ಟಡದಲ್ಲಿ ಪ್ರದರ್ಶಿಸಬೇಕು ಎಂದರು. ಮೇಲಧಿಕಾರಿ ಇಂಥ ನೌಕರ ತಮ್ಮ ಕಚೇರಿಯಲ್ಲಿ ಇದ್ದದ್ದು ತಮಗೆ ಹೊಳೆದೇ ಇರಲಿಲ್ಲ ಎಂದು ಕೈ ಕುಲುಕಿದರು. ಭಾವ ಬೆವರುತ್ತಲೇ ನಗುತ್ತಿದ್ದರು, ನಗುತ್ತಲೇ ಬೆವರುತ್ತಿದ್ದರು. ನನಗೆ ಅಲ್ಲೇ ಇದ್ದ ಸ್ಪ್ಯಾನರ್ ತೆಗೆದುಕೊಂಡು ಅವರ ತಲೆಗೆ ಒಂದು ಕೊಡಬೇಕೆನಿಸಿತು, ಬಂಧುತ್ವ ಅಡ್ಡ ಬಂತು.

ಅಧಿಕಾರಿಗೆ ಮಾತ್ರ ರೋಮಾಂಚನ ಆಗಲಿಲ್ಲ. ಅವರು ಕೈ ಒರೆಸಿಕೊಂಡು ಹೇಳಿದರು: "ನೋಡ್ರೀ, ಇಷ್ಟು ವರ್ಷದಲ್ಲಿ ಫಿಲ್ಟರ್ ಇಲ್ಲದೆ ಹೀಗಿರೋ ಹೊಗೆ ನಾನು ಕಂಡಿಲ್ಲ. ಎಲ್ಲೋ ಗಾಳಿ ಕದ್ದು ಬಿಡೋ ಕೊಳವೆ ಇಟ್ಟಿದ್ದೀರಿ, ಯಂತ್ರಕ್ಕೆ ಮೋಸ ಮಾಡ್ತಿದ್ದೀರಿ. ನಮ್ಮ ದಾಖಲೆ ಪ್ರಕಾರ ಇಂಜಿನ್ ಬದಲಾಗಿದೆ, ಇರಬೇಕಾದ ಸಾಮಾನು ಒಂದೂ ಇಲ್ಲ. ಒಂದೋ ಸಾಮಾನು ತೋರಿಸಿ, ಇಲ್ಲಾಂದ್ರೆ ಗಾಡಿ ಈಗಲೇ ಗುಜರಿ ಅಂಗಳಕ್ಕೆ."

"ಸಾಮಾನು ಇದೆ ಸಾರ್, ನಾನೇ ನೋಡಿದ್ದೀನಿ" ಅಂದರು ಪೋಸ್ಟಮ್ಮ. "ಬೆಡ್‌ಶೀಟ್ ಕಟ್ಕೊಂಡು ಡಬ್ಬಿ ಡಬ್ಬಿ ತುಂಬಿದ್ರು. ಗಾಡಿ ಪೂರ್ತಿ ಜಾಲಾಡಿ."

"ಏನು ತುಂಬಿದ್ದೀರಿ?" ಅಧಿಕಾರಿಯ ದನಿ ಇನ್ನೂ ಏರಿತು.

"ಏನೂ ಇಲ್ಲ ಸಾರ್" ಅಂದರು ಭಾವ.

ಇಲ್ಲಿ ಓದುಗರು ಒಂದು ಕ್ಷಣ ನಿಂತು ನಮ್ಮ ಭಾವನವರ ಸ್ಥಿತಿಯನ್ನು ನೋಡಬೇಕು. ಈ ಮನುಷ್ಯ ಕಾನೂನು ಹೇಳಿದ್ದನ್ನೆಲ್ಲ ಅಕ್ಷರಶಃ ಮಾಡಿದ್ದಾರೆ. ಅವರ ಕಾರು ಊರಿನಲ್ಲೇ ಅತ್ಯಂತ ಶುದ್ಧವಾದ ಕಾರು. ತಪ್ಪು ಮಾಡಿ ಇಲ್ಲ ಎನ್ನುವವರನ್ನು ಆ ಅಧಿಕಾರಿ ದಿನವೂ ನೋಡುತ್ತಾರೆ. ಸರಿಯಾದದ್ದನ್ನು ಮಾಡಿ, ಹಾಗೆ ಮಾಡಿಯೇ ಇಲ್ಲ ಎಂದು ಆಣೆಯಿಡುವವರನ್ನು ನೋಡುವ ಭಾಗ್ಯ ಅವರಿಗೂ ಹೊಸದು.

ಅಧಿಕಾರಿ ಕೈ ಬೀಸಿದರು. ಅಂಗಳದ ಮೂಲೆಯಿಂದ ಗಾಡಿ ಎಳೆಯುವ ಕ್ರೇನು ಗುರುಗುಟ್ಟುತ್ತ ಬಂದು, ಕೊಕ್ಕೆ ಇಳಿಸಿ, ಅಪ್ಪನ ಕಾರಿನ ಮುಂದಿನ ಬಂಪರಿಗೆ ಸಿಕ್ಕಿಸಿಕೊಂಡಿತು. ಸರಪಳಿ ಬಿಗಿಯಾಯಿತು. ಅಕ್ಕ ಕೈಚೀಲ ಹಿಡಿದು ನಿಂತಲ್ಲೇ ನಿಂತಿದ್ದಳು. ಸೋಮವಾರ ಆ ಸರಪಳಿಯ ತುದಿಯಲ್ಲಿ ತೂಗುತ್ತಿತ್ತು.

"ಭಾವ, ಹೇಳಿಬಿಡಿ" ಅಂದೆ ನಾನು.

ಭಾವ ಅಕ್ಕನ ಮುಖ ನೋಡಿದರು. ಆಮೇಲೆ ಮೇಲಧಿಕಾರಿಯ ಮುಖ ನೋಡಿದರು. ಡಾಕ್ಟರ ಮುಖ ನೋಡಿದರು. ಕೊನೆಗೆ ಕ್ರೇನಿನತ್ತ ಎರಡು ಹೆಜ್ಜೆ ಇಟ್ಟು, ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, ಗಂಟಲು ಸರಿಮಾಡಿಕೊಂಡರು. "ಒಯ್ಯಿರಿ. ಜಜ್ಜಿ ಹಾಕಿ. ಆದರೆ ನಮ್ಮ ಮಾವನವರ ಇಂಜಿನ್ನಿಗೆ ತಗಡಿನ ಡಬ್ಬಿ ಕಟ್ಟಿದೆ ಅಂತ ಮಾತ್ರ ಯಾರೂ ಅನ್ನಬಾರದು."

ಸಂಘದವರಲ್ಲಿ ಟೋಪಿ ಇದ್ದವರೆಲ್ಲ ಟೋಪಿ ತೆಗೆದರು. ಡಾಕ್ಟರು ಕನ್ನಡಿ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡರು.

ಆಗ ಅಕ್ಕ ಮುಂದೆ ಬಂದಳು. ಕೂಗಲಿಲ್ಲ, ಅಳಲಿಲ್ಲ. ಪಾಠ ಅರ್ಥವಾಗದ ಮಕ್ಕಳಿಗೆ ಇನ್ನೊಂದು ಸಲ ಲೆಕ್ಕ ಬಿಡಿಸಿ ತೋರಿಸುವವಳಂತೆ ಕೈಚೀಲವನ್ನು ನನ್ನ ಕೈಗೆ ಕೊಟ್ಟಳು.

"ಸಾರ್, ಗಾಡಿ ನನ್ನ ಹೆಸರಲ್ಲಿದೆ. ಕೊಕ್ಕೆ ತೆಗೆಸಿ. ಸಾಮಾನು ನಾನು ತೋರಿಸ್ತೀನಿ."

ಕಾವಲಿಗಿದ್ದ ನಾನು ಯಾವುದು ಎಲ್ಲಿದೆ ಎಂದು ಆಗಲೇ ವರದಿ ಒಪ್ಪಿಸಿದ್ದೆ, ಡಬ್ಬಿ ಯಾರದೆಂಬುದೊಂದನ್ನು ಬಿಟ್ಟು. ಅವಳು ರೇಡಿಯೋದ ಗುಂಡಿ ಹಿಡಿದು ಎಳೆದಳು. ಮುಖ ಕಳಚಿ ಬಂತು, ಒಳಗೆ ಕಂಪ್ಯೂಟರ್ ಪೆಟ್ಟಿಗೆ ಕಣ್ಣು ಮಿಟುಕಿಸುತ್ತಿತ್ತು. ಬೂದಿ ಬಟ್ಟಲು ತೆಗೆದಳು, ಕಿಂಡಿ. "ವೈರು ಇಲ್ಲಿ ಚುಚ್ಚಿ." ಅಧಿಕಾರಿ ಚುಚ್ಚಿದರು, ಅವರ ಯಂತ್ರ ಸಂತೋಷದಿಂದ ಕೂಗಿತು. ಬಾನೆಟ್ಟಿನ ಕೆಳಗೆ ಕೈ ಹಾಕಿ ಕಾರ್ಬುರೇಟರನ್ನು ಒಂದೇ ಕೈಯಲ್ಲಿ ಎತ್ತಿ ಡಾಕ್ಟರ ಕೈಗಿತ್ತಳು. ಅದು ಯಾವುದಕ್ಕೂ ಅಂಟಿಕೊಂಡಿರಲಿಲ್ಲ. 'ಉಪಕರಣ' ಎಂದು ಬರೆದ ಡಬ್ಬಿಯ ಮುಚ್ಚಳ ತೆಗೆದಳು. "ಇದು ನನ್ನ ಹಿಟ್ಟಿನ ಡಬ್ಬಿ. ವಾರದಿಂದ ಹುಡುಕ್ತಿದ್ದೆ. ಒಳಗಿರೋದು ಆವಿ ಹೀರೋ ಇದ್ದಿಲು." ಕೊನೆಗೆ ಆಗ್ಲಿ ಮೇಸ್ತ್ರಿಯ ಕಡೆ ತಿರುಗಿ, "ಸೈಲೆನ್ಸರ್ ಹೊಟ್ಟೆ ಬಿಚ್ಚಿ ಕನ್ವರ್ಟರ್ ತೋರಿಸು" ಅಂದಳು.

"ಬಿಚ್ಚಬೇಡ" ಅಂದರು ಭಾವ.

ಆಗ್ಲಿ ಮೇಸ್ತ್ರಿಗೆ ಜೀವನದಲ್ಲಿ ಮೊದಲ ಬಾರಿಗೆ ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾಗಿ ಬಂತು. ಅವನು ಅಕ್ಕನ ಮುಖ ನೋಡಿ, "ಆಗ್ಲಿ ಅಮ್ಮಾ" ಎಂದು ಕಾರಿನ ಅಡಿಗೆ ಹೋದ.

ಅಧಿಕಾರಿ ಎಲ್ಲವನ್ನೂ ಮುಟ್ಟಿ, ಮೂಸಿ, ಸುಮ್ಮನೆ ತಲೆ ಕೆರೆದುಕೊಂಡರು. "ಎಲ್ಲಾ ಸರಿಯಾಗೇ ಇದೆಯಲ್ರೀ. ಇದನ್ನ ಯಾಕೆ ಬಚ್ಚಿಟ್ರಿ?"

"ಅವರನ್ನೇ ಕೇಳಿ" ಅಂದಳು ಅಕ್ಕ.

ಎಲ್ಲರೂ ಅವರನ್ನೇ ನೋಡಿದರು. ಭಾವ ಆ ಸ್ಥಿತಿಯಲ್ಲೂ ಕೈ ಚೆಲ್ಲಲಿಲ್ಲ ಎಂಬುದನ್ನು ಬೇಸರದಿಂದಲೇ ದಾಖಲಿಸಬೇಕಾಗಿದೆ. "ಇದೆಲ್ಲ ಒಳಗೆ ಹೇಗೆ ಬಂತು ಅನ್ನೋದೇ ನನಗೆ ಆಶ್ಚರ್ಯ" ಅಂದರು.

ಡಾಕ್ಟರು ಕಾರ್ಬುರೇಟರನ್ನು ಹುಳುಕು ಹಲ್ಲಿನಂತೆ ಬೆರಳ ತುದಿಯಲ್ಲಿ ಹಿಡಿದು, ಭಾವನವರ ಕೈಗೆ ಕೊಟ್ಟು, ಕನ್ನಡಿಯನ್ನು ಜೇಬಿಗಿಳಿಸಿದರು. ಮೇಲಧಿಕಾರಿ ಬಟ್ಟೆಯನ್ನು ಮಡಿಸತೊಡಗಿದರು. ಮಡಿಸುತ್ತಲೇ, ಸೋಮವಾರ ಬೆಳಿಗ್ಗೆ ಬಂದು ತಮ್ಮನ್ನು ಕಾಣುವಂತೆ ಭಾವನವರಿಗೆ ಮೆಲ್ಲಗೆ ಹೇಳಿದರು. ಪೋಸ್ಟಮ್ಮ ಹಿಟ್ಟಿನ ಡಬ್ಬಿಯೊಳಗೆ ಇಣುಕಿ, ಚಿನ್ನ ಇಲ್ಲದ್ದಕ್ಕೆ ಮುಖ ಸಿಂಡರಿಸಿದರು.

ಮೇಸ್ತ್ರಿ ಸೈಲೆನ್ಸರಿನ ಹೊಟ್ಟೆಯನ್ನು ಮತ್ತೆ ಬೆಸೆದ ಮೇಲೆ ಅಧಿಕಾರಿ ಸೀಲ್ ಹೊಡೆದ ಸರ್ಟಿಫಿಕೇಟನ್ನು ಅಕ್ಕನ ಕೈಗೆ ಕೊಟ್ಟರು. ಭಾವ ಅಭ್ಯಾಸಬಲದಿಂದ ಡ್ರೈವರ್ ಬಾಗಿಲಿನತ್ತ ನಡೆದರು. ಬಾಗಿಲು ತೆಗೆದರೆ ಸೀಟಿನಲ್ಲಿ ಅಕ್ಕ ಕೂತಿದ್ದಳು. ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಳ್ಳುತ್ತಿದ್ದಳು.

"ಅಭ್ಯಾಸ ಮಾಡ್ಕೋಬೇಕು. ಹೊಳೆಯಾಚೆವರೆಗೂ ಒಂದು ಸಲ ಹೋಗಿ ಬರ್ತೀನಿ" ಅಂದಳು.

"ಹಾಗಾದ್ರೆ ನಾನು ಹಿಂದೆ ಕೂತ್ಕೋತೀನಿ."

"ಬ್ರೆಡ್ ವ್ಯಾನಲ್ಲಿ ನೀವ್ಯಾಕೆ ಕೂರ್ತೀರಿ. ಸಂಘದೋರ ಜೊತೆ ಬನ್ನಿ."

ನಾನು, ಪೋಸ್ಟಮ್ಮ, ಆಗ್ಲಿ ಮೇಸ್ತ್ರಿ ಯಾರೂ ಕರೆಯದೆ ಹತ್ತಿ ಕೂತೆವು. ಸಂಘದವರು ತಮ್ಮ ತಮ್ಮ ಕಾರು ಹತ್ತಿ ಆಗಲೇ ಹೊರಟುಹೋಗಿದ್ದರು. ಅಕ್ಕ ಕ್ಲಚ್ ಬಿಟ್ಟಳು. ಗಾಡಿ ಒಮ್ಮೆ ಮುಗ್ಗರಿಸಿ, ಸರಿಯಾಗಿ, ಗೇಟು ದಾಟಿತು. ನಾನು ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದೆ. ಭಾವ ಕಾರ್ಬುರೇಟರನ್ನು ಎದೆಗವಚಿಕೊಂಡು ಅಂಗಳದ ನಡುವೆ ನಿಂತಿದ್ದರು. ಅವರ ಮುಖಕ್ಕೆ ಒಂದು ಬುಟ್ಟಿ ಕಪ್ಪು ಹೊಗೆ ಉಗುಳಿ ಹೋಗಬೇಕೆಂದು ನನಗೆ ಮನಸಾರೆ ಆಸೆಯಾಯಿತು. ಆದರೆ ಆ ಗಾಡಿಯಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ. ಎಲ್ಲವನ್ನೂ ಅವರೇ ಮುಂದೆ ನಿಂತು ಮುಚ್ಚಿಸಿದ್ದರು.